ಬಂದ್ ಆಗದ ನೌಕರಿ

ಪ್ರತಿ ತಿಂಗಳ ಮೊದಲ ವಾರ ಶಬಾನಾ ನಮ್ಮ ಔಷಧಿ ಅಂಗಡಿಗೆ ಬರುತ್ತಾಳೆ, ತನ್ನ ಗಂಡನ ಅಣ್ಣ ಚಾಚಾರ ಬಿಪಿ ಗುಳಿಗೆ ಒಯ್ಯಲು. ಈ ಸಲವೂ ಅವಳು ಮೆಟ್ಟಿಲು ಹತ್ತುವುದನ್ನು ಕಂಡವಳೇ ನಾನು ಹಿಂದಿನ ಕಪಾಟಿಗೆ ಕೈ ಹಾಕಿ, ಗುಳಿಗೆಗಳನ್ನು ಕಾಗದದ ಚೀಲಕ್ಕೆ ತುಂಬಿ ಕೌಂಟರಿನ ಮೇಲಿಟ್ಟೆ. ಅವಳು ಆ ಚೀಲವನ್ನು ಮೆಲ್ಲಗೆ ನನ್ನ ಕಡೆಗೇ ಸರಿಸಿದಳು.

"ಬ್ಯಾಡ್ರಿ ಅಕ್ಕಾ. ಭಾಯಿ ಹ್ವಾದ್ರು."

"ಎಲ್ಲಿಗೆ?" ಎಂದು ಕೇಳಿಬಿಟ್ಟೆ.

ಅವಳು ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು. ಆಗ ನನಗೆ ತಿಳಿಯಿತು. ಮಗಳ ಬಾಣಂತನಕ್ಕೆಂದು ನಾನು ಬಾಗಲಕೋಟೆಯಲ್ಲಿದ್ದ ವಾರದಲ್ಲೇ ಅದು ನಡೆದಿತ್ತು. ಬೆಳಗಿನ ನಮಾಜಿಗೆ ಎದ್ದು, ಕೈಕಾಲು ತೊಳೆಯಲು ನಳದ ಹತ್ತಿರ ಕುಳಿತವರು ಮತ್ತೆ ಏಳಲಿಲ್ಲವಂತೆ. ದಫನ್ ಮುಗಿದು, ಬಂದ ನೆಂಟರೂ ತಮ್ಮ ತಮ್ಮ ಊರಿಗೆ ಹೋಗಿಯಾಗಿತ್ತು. ಅಂಗಡಿಯಲ್ಲಿ ಬೇರೆ ಗಿರಾಕಿಗಳು ನಿಂತಿದ್ದರು. ಒಬ್ಬರಿಗೆ ಕೆಮ್ಮಿನ ಔಷಧಿ, ಇನ್ನೊಬ್ಬರಿಗೆ ಮುಲಾಮು. ನಾನು ಕಣ್ಣು ಒರೆಸಿಕೊಳ್ಳುತ್ತಲೇ ಕೊಟ್ಟು ಕಳಿಸಿದೆ. ಕೌಂಟರಿನ ಹಿಂದೆ ನಿಂತು ಔಷಧಿ ಕೊಡುವ ಈ ಕೆಲಸವನ್ನು ನನಗೆ ಕೊಡಿಸಿದವರೂ ಅವರೇ.

ಅವರು ನಮ್ಮ ಬಳಗದವರಲ್ಲ, ನಮ್ಮ ಓಣಿಯವರೂ ಅಲ್ಲ. ಇಳಕಲ್ಲಿನ ಹೊರಗಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ ನಾನು ಬಿಲ್ಲು ಮಾಡುವವಳು, ಅವರು ಪಾಲಿಶ್ ವಿಭಾಗದ ಸೂಪರ್‌ವೈಸರ್. ಮಾಲಕರಿಂದ ಹಿಡಿದು ಲಾರಿ ಡ್ರೈವರ್‌ಗಳ ತನಕ ಎಲ್ಲರ ಬಾಯಲ್ಲೂ ಅವರು ಚಾಚಾ. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಕಲ್ಲಿನ ಧೂಳಿನಿಂದಾಗಿ ಆ ಕಾರ್ಖಾನೆಯಲ್ಲಿ ಹರೆಯದವರ ಹುಬ್ಬೂ ನರೆತಂತೆ ಕಾಣುತ್ತಿತ್ತು. ಸಂಜೆ ನಳದ ಕೆಳಗೆ ತಲೆ ಕೊಟ್ಟರೆ ಎಲ್ಲರಿಗೂ ವಯಸ್ಸು ಇಳಿಯುತ್ತಿತ್ತು. ಚಾಚಾರ ಹುಬ್ಬು ಮಾತ್ರ ತೊಳೆದ ಮೇಲೂ ಬೆಳ್ಳಗೇ ಉಳಿಯುತ್ತಿತ್ತು. ಪಾಲಿಶ್ ಆಗಿ ಬಂದ ಕೆಂಪು ಕಲ್ಲಿನ ಮೇಲೆ ಅವರು ಅಂಗೈ ಆಡಿಸುವ ರೀತಿ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ ಮುಟ್ಟುತ್ತಿದ್ದರು.

ಊಟದ ಹೊತ್ತಿನಲ್ಲಿ ನಾವೆಲ್ಲ ಶೆಡ್ಡಿನ ಪಕ್ಕದ ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು. ಚಾಚಾರಿಗೆ ಒಂದೇ ವಿಷಯ. ರೊಟ್ಟಿ ಮುರಿಯುತ್ತ, ಸಾಲೆಯ ಮಾಸ್ತರರ ಹಾಗೆ ಪ್ರಶ್ನೆ ಹಾಕುತ್ತಿದ್ದರು.

"ಹೇಳ್ರಿ ನೋಡೂಣು. ಕೈ ಬಿಗಿ ಆತಂದ್ರ ಮಂದಿ ಮೊದಲ ಏನು ಬಿಡ್ತಾರ?"

"ಸಿನಿಮಾ," ಎನ್ನುತ್ತಿದ್ದರು ಒಬ್ಬರು. "ಹೋಟೆಲ್ಲು," ಎನ್ನುತ್ತಿದ್ದರು ಇನ್ನೊಬ್ಬರು. "ನಮ್ಮ ಅತ್ತಿ ನಮ್ಮನಿಗೆ ಬರೂದು ಬಿಟ್ರ ಸಾಕಾಗೇತಿ," ಎಂದು ಯಾರೋ ಅಂದು ನಗೆಯಾಗುತ್ತಿತ್ತು.

"ನಗಬ್ಯಾಡ್ರಿ. ಮನಿ ಕಟ್ಟೂದ ಮುಂದಕ್ಕ ಹಾಕ್ತಾರ. ಮನಿ ಕಟ್ಟಲಿಲ್ಲಂದ್ರ ನಮ್ಮ ಕಲ್ಲು ಯಾರಿಗೆ ಬೇಕು? ಪ್ಯಾಟಿ ಬಿತ್ತಂದ್ರ ಮೊದಲ ಬೀಳೋರು ನಾವ. ಹಾಸಿಗಿ ಮ್ಯಾಲ ಇದ್ದಾವ ಗುಳಗಿ ಬಿಡೂದಿಲ್ಲ. ಕೂಸು ಹಾಲು ಬಿಡೂದಿಲ್ಲ. ಅಂಥಾ ಕೆಲಸ ನೋಡಿ ಹಿಡಕೋಬೇಕು."

ಈ ಚಿಂತೆ ಅವರಿಗೆ ಎಲ್ಲಿಂದ ಅಂಟಿತು ಎಂಬುದನ್ನು ಒಮ್ಮೆ ಹೇಳಿದ್ದರು. ಅವರ ತಂದೆ ಹಳೇ ಬಾಗಲಕೋಟೆಯ ತಗ್ಗಿನ ಭಾಗದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವರು. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಊರಿನ ಆ ಭಾಗವನ್ನು ಖಾಲಿ ಮಾಡಿಸುವಾಗ ಮಂದಿಯೆಲ್ಲ ನವನಗರಕ್ಕೆ ಹೋದರು. "ಅಂಗಡ್ಯಾಗ ನೀರು ಬಂದದ್ದು ಆಮ್ಯಾಲ, ಗಿರಾಕಿ ಹೋಗಿದ್ದು ಮೊದಲ," ಎಂದಿದ್ದರು ಚಾಚಾ. "ನಮ್ಮಪ್ಪ ದಿನಾ ಅಂಗಡಿ ಬಾಗಲಾ ತಗದು ಪಂಪ್ ಹಿಡಕೊಂಡು ಕುಂದ್ರುತಿದ್ದ. ರಸ್ತಾದಾಗ ನಾಯಿ ಸುದ್ದಾ ಇರತಿರಲಿಲ್ಲ." ಆ ಮುದುಕ ಹೊಸ ಜಾಗದಲ್ಲಿ ಅಂಗಡಿ ಇಡುವ ಮನಸ್ಸು ಮಾಡಲೇ ಇಲ್ಲ. ಮನೆಯ ಭಾರ ಚಾಚಾರ ಮೇಲೆ ಬಿತ್ತು. ಹೆಂಡತಿಯನ್ನೂ ತಾಯಿ ಇಲ್ಲದ ತಮ್ಮನನ್ನೂ ಕಟ್ಟಿಕೊಂಡು ಅವರು ಇಳಕಲ್ಲಿಗೆ ಬಂದು ಕಲ್ಲಿನ ಕೆಲಸ ಹಿಡಿದರು. ಅವರಿಗೆ ಮಕ್ಕಳಾಗಲಿಲ್ಲ. ತಮ್ಮ ರಫೀಕನೇ ಮಗ.

ಅವರು ಹೆದರಿದ್ದ ದಿನ ಬಂದೇ ಬಂದಿತು. ಹೊರದೇಶದ ಆರ್ಡರುಗಳು ನಿಂತವು. ಮೊದಮೊದಲು ಕಳಿಸಬೇಕಾದ ಕಲ್ಲುಗಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು, ಆಮೇಲೆ ನಿಲ್ಲಿಸಲು ಜಾಗವಿಲ್ಲದೆ ಕೊಯ್ಯುವುದನ್ನೇ ನಿಲ್ಲಿಸಿದರು. ರಾತ್ರಿ ಪಾಳಿ ಹೋಯಿತು. ಆಮೇಲೆ ದೂರದಿಂದ ಬಂದ ಕೆಲಸಗಾರರು ಗಂಟುಮೂಟೆ ಕಟ್ಟಿಕೊಂಡು ರೈಲು ಹತ್ತಿದರು. ಒಂದು ಶನಿವಾರ ಮಾಲಕರು ನಮ್ಮನ್ನೆಲ್ಲ ಕರೆದು, ಕೈಮುಗಿದು, ಇನ್ನು ಆಗುವುದಿಲ್ಲ ಎಂದರು. ಅವರ ಕಣ್ಣಲ್ಲೂ ನೀರಿತ್ತು. ಯಾರೂ ಜಗಳ ಮಾಡಲಿಲ್ಲ.

ಎಲ್ಲರೂ ಹೋದ ಮೇಲೆ ಚಾಚಾ ಒಂದೊಂದೇ ಯಂತ್ರದ ಹತ್ತಿರ ಹೋಗಿ, ಒರೆಸಿ, ಹೊದಿಕೆ ಹಾಕಿ ಬಂದರು. ನಾನು ಆಫೀಸಿನ ಮೆಟ್ಟಿಲ ಮೇಲೆ ಅಳುತ್ತ ಕುಳಿತಿದ್ದೆ. ನಮ್ಮ ಮನೆಯವರ ಮಗ್ಗ ಆಗಲೇ ನಿಂತು, ನನ್ನ ಸಂಬಳದಲ್ಲೇ ಮನೆ ನಡೆಯುತ್ತಿತ್ತು.

"ಅಳೂದು ಸಾಕವ್ವಾ ಗಿರಿಜವ್ವಾ. ಏಳು," ಎಂದರು ಚಾಚಾ. "ಬಸ್‌ಸ್ಟ್ಯಾಂಡ್ ಹಂತ್ಯಾಕ ಔಷಧಿ ಅಂಗಡಿ ಶೆಟ್ಟರಿಗೆ ಲೆಕ್ಕ ಬರೋರು ಒಬ್ಬರು ಬೇಕಾಗ್ಯಾರ. ನಾ ಹೇಳಿ ಇಟ್ಟೇನಿ."

"ನನಗ ಔಷಧಿ ಹೆಸರು ಓದಾಕ ಬರೂದಿಲ್ರಿ ಚಾಚಾ."

"ಕಲ್ಲಿನ ಹೆಸರು ಹುಟ್ಟಿದಾಗಿಂದ ಗೊತ್ತಿತ್ತೇನು? ಕಲತೀ."

ಕಾರ್ಖಾನೆ ನಿಲ್ಲುತ್ತದೆಂದು ಎಲ್ಲರಿಗಿಂತ ಮೊದಲು ಅವರಿಗೆ ಹೊಳೆದಿತ್ತು. ಆದರೂ ತಮಗೊಂದು ಕೆಲಸ ಹುಡುಕಿಕೊಂಡಿರಲಿಲ್ಲ. ನನಗೆ ಹುಡುಕಿದ್ದರು, ಪಾಲಿಶ್ ಮಾಡುವ ಇಬ್ಬರು ಹುಡುಗರನ್ನು ಹಾಲಿನ ಡೇರಿಗೆ ಸೇರಿಸಿದ್ದರು. ಮಾಲಕರು ಅವರನ್ನು ಮುಚ್ಚಿದ ಕಾರ್ಖಾನೆಯ ಕಾವಲಿಗೆ ಇಟ್ಟುಕೊಂಡರು. ಸೂಪರ್‌ವೈಸರ್ ಆಗಿದ್ದವರು ಅದೇ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತರು. "ಇದರಾಗ ನಾಚಿಕಿ ಏನೈತಿ?" ಎನ್ನುತ್ತಿದ್ದರು. ನಾಚಿಕೆ ಇತ್ತು. ಹಳೆಯ ಗುತ್ತಿಗೆದಾರರು ಯಾರಾದರೂ ಆ ದಾರಿಯಲ್ಲಿ ಬಂದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ನಮ್ಮ ಮನೆ ಅದೇ ರಸ್ತೆಯಲ್ಲಿದ್ದುದರಿಂದ ನಾನು ನೋಡುತ್ತಿದ್ದೆ.

ಇನ್ನು ರಫೀಕನ ಮಾತು ಹೇಳಬೇಕು. ಅವನು ಬಾದಾಮಿಯಲ್ಲಿ ಪ್ರವಾಸಿಗರ ಕಾರು ಓಡಿಸುತ್ತಿದ್ದ. ಗುಹೆ ನೋಡಲು ಬಂದವರನ್ನು ಪಟ್ಟದಕಲ್ಲು, ಐಹೊಳೆಗೆ ಕರೆದುಕೊಂಡು ಹೋಗಿ ಸಂಜೆಗೆ ತಂದು ಬಿಡುವುದು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಕೋರ್ಸು ಮುಗಿಸಿದ್ದನಾದರೂ ಅವನಿಗೆ ಸ್ಟಿಯರಿಂಗ್ ಮೇಲೇ ಜೀವ. ಯಾರನ್ನಾದರೂ ನಗಿಸದೆ ಅವನಿಗೆ ಊಟ ಸೇರುತ್ತಿರಲಿಲ್ಲ. ಬಂದವರ ಭಾಷೆ ಬರದಿದ್ದರೂ ಕೈಸನ್ನೆಯಲ್ಲೇ ಪೂರ್ತಿ ದಿನ ಮಾತಾಡಿ, ಅವರು ಹೋಗುವಾಗ ತಬ್ಬಿಕೊಂಡು ಹೋಗುವಷ್ಟು ಗೆಳೆತನ ಮಾಡಿಬಿಡುತ್ತಿದ್ದ.

ಒಂದು ರಂಜಾನ್ ಹಬ್ಬಕ್ಕೆ ಚಾಚಾ ನಮ್ಮನ್ನು ಸುರಕುಂಬಾ, ಅಂದರೆ ಹಾಲು-ಶಾವಿಗೆಯ ಪಾಯಸ, ಕುಡಿಯಲು ಕರೆದಿದ್ದರು. ನಾವು ಕುಳಿತಿದ್ದಂತೆಯೇ ಅಣ್ಣತಮ್ಮಂದಿರ ನಡುವೆ ಮಾತು ಬಂತು.

"ಕರೆಂಟ್ ಆಫೀಸಿಗೆ ಲೈನ್‌ಮನ್ ತಗೊಳ್ಳಾಕತ್ಯಾರ. ಅರ್ಜಿ ಹಾಕು," ಎಂದರು ಚಾಚಾ.

"ಭಾಯಿ, ಗಾಡಿ ಓಡಿಸಿದ್ರ ನನ್ನ ಮನಸ್ಸಿಗೆ ಆರಾಮ. ಕಂಬ ಹತ್ತೂದು ನನ್ನಿಂದ ಆಗೂದಿಲ್ಲ."

"ಎಷ್ಟು ದಿವ್ಸದ ಆರಾಮಲೇ ಅದು? ಹೊಟ್ಟಿ ತುಂಬದಾವ ಗುಹೆ ನೋಡಾಕ ಬರ್ತಾನೇನು? ಮಂದಿ ಬಂಗಾರ ಬಿಡ್ತಾರ, ಪ್ರವಾಸ ಬಿಡ್ತಾರ, ಹೊಸಾ ಅರಿವಿ ಬಿಡ್ತಾರ. ಕರೆಂಟ್ ಬಿಡೂದಿಲ್ಲ. ನಾ ಹೆಂಗ ಬಿದ್ದೆ ನೋಡಿದೆಲ್ಲೋ? ನೀನೂ ಹಂಗ ಗೇಟಿನ್ಯಾಗ ಕುಂದ್ರಾವೇನು?"

ಒಳಗಿನಿಂದ ಅವರ ಹೆಂಡತಿ ಚಾಚಿ, "ಹಬ್ಬದ ದಿನರೆ ಬಿಡ್ರಿ ಆ ಹುಡುಗನ್ನ," ಎಂದರು. ರಫೀಕ ನಗುತ್ತ ಎದ್ದು ಅಣ್ಣನ ಬಟ್ಟಲಿಗೆ ಇನ್ನಷ್ಟು ಸುರಕುಂಬಾ ಹಾಕಿದ. ಅಲ್ಲಿಗೆ ಮಾತು ಮುಗಿಯಿತು ಎಂದುಕೊಂಡೆ.

ಮುಗಿದಿರಲಿಲ್ಲ. ಆ ವರ್ಷ ಬಾದಾಮಿಗೆ ಬರುವವರೇ ಕಡಿಮೆಯಾದರು. ಕಾರು ದಿನಗಟ್ಟಲೆ ನೆರಳಲ್ಲಿ ನಿಲ್ಲತೊಡಗಿತು. ಒಂದು ದಿನ ರಫೀಕ ಕಾರು ಬಿಟ್ಟು ಬಸ್ಸಿನಲ್ಲಿ ಮನೆಗೆ ಬಂದ. ಅಣ್ಣನಿಗೆ ಅವನು ಏನು ಹೇಳಿದನೋ ನನಗೆ ಗೊತ್ತಿಲ್ಲ. ಮರುವಾರದಿಂದ ಮುಚ್ಚಿದ ಕಾರ್ಖಾನೆಯ ಅಂಗಳದಲ್ಲಿ ಕಂಬ ಹತ್ತುವ ತಾಲೀಮು ಶುರುವಾಯಿತು. ಆ ನೌಕರಿಗೆ ಕಂಬ ಹತ್ತಿ ತೋರಿಸುವ ಪರೀಕ್ಷೆ ಇರುತ್ತದೆ. ಬೆಳಿಗ್ಗೆ ನಾನು ಅಂಗಡಿಗೆ ಹೊರಟಾಗ ರಫೀಕ ಕಂಬದ ಅರ್ಧದಲ್ಲಿರುತ್ತಿದ್ದ. ಕೆಳಗೆ ಚಾಚಾ ಎರಡೂ ಕೈ ಮೇಲೆತ್ತಿ, ಬಿದ್ದರೆ ಹಿಡಿಯುತ್ತೇನೆ ಎನ್ನುವ ಹಾಗೆ ನಿಂತಿರುತ್ತಿದ್ದರು. ಮೊದಲು ಹತ್ತಲಾಗದೆ ಜಾರಿ ಮೊಣಕಾಲು ಕೆತ್ತಿಸಿಕೊಂಡ. ಆಮೇಲೆ ಕಲಿತ. ಒಂದು ಮುಂಜಾನೆ ತುದಿ ಮುಟ್ಟಿ ಅಲ್ಲಿಂದಲೇ ಕೂಗಿದ, "ಅಕ್ಕಾ, ಇಲ್ಲಿಂದ ಬಾದಾಮಿ ಗುಡ್ಡ ಕಾಣತೈತ್ರಿ!" ಕಾಣುವುದಿಲ್ಲವೆಂದು ನಮಗೆಲ್ಲ ಗೊತ್ತು. ಚಾಚಾ ಕೂಡ ನಕ್ಕರು.

ನೌಕರಿ ಆಯಿತು. ಹುನಗುಂದ ತಾಲ್ಲೂಕಿನ ಹಳ್ಳಿಗಳ ಕಡೆಗೆ ಹಾಕಿದರು. ಚಾಚಾ ಅಮೀನಗಡಕ್ಕೆ ಹೋಗಿ ಕರದಂಟು ತಂದು, ಒಂದು ಕಾಲಕ್ಕೆ ನಮ್ಮ ಜೊತೆ ಕೆಲಸ ಮಾಡಿದವರ ಮನೆಮನೆಗೆ ತಾವೇ ನಡೆದು ಹಂಚಿದರು. "ಪರ್ಮನೆಂಟ್," ಎನ್ನುತ್ತಿದ್ದರು. ಬೇರೆ ಮಾತೇ ಇಲ್ಲ. ಆ ಶಬ್ದವನ್ನು ಅವರು ಹೇಳುವಾಗ ಬಾಯಲ್ಲಿ ಕರದಂಟಿನ ಬೆಲ್ಲ ಇನ್ನೂ ಕರಗಿಲ್ಲವೇನೋ ಅನ್ನಿಸುತ್ತಿತ್ತು. ಪರ್ಮನೆಂಟ್ ನೌಕರಿಯ ಹುಡುಗ ಎಂದು ಹೆಣ್ಣು ಕೊಡಲು ಮುಂದೆ ಬಂದರು. ಶಬಾನಾ ಆ ಮನೆಗೆ ಬಂದದ್ದು ಹಾಗೆ. ವರ್ಷ ತುಂಬುವುದರಲ್ಲಿ ಹೆಣ್ಣು ಕೂಸಾಯಿತು.

ರಫೀಕನಿಗೂ ಆ ಕೆಲಸ ಒಗ್ಗಿತು. ಹಳ್ಳಿಯ ಮುದುಕಿಯರು ಅವನನ್ನು ಕರೆದು ಮಜ್ಜಿಗೆ ಕೊಡುತ್ತಿದ್ದರಂತೆ. ಒಮ್ಮೆ ಕೂಸಿಗೆ ಔಷಧಿ ಒಯ್ಯಲು ಬಂದಾಗ ನನಗೆ ಅಂದ, "ಭಾಯಿ ಹೇಳಿದ್ದು ಖರೆ ಇತ್ರಿ ಅಕ್ಕಾ. ಬಾದಾಮಿಯಾಗ ನನ್ನ ಜೋಡಿ ಇದ್ದಾವರು ಗಾಡಿ ಮಾರಿ ಕುಂತಾರ." ಸ್ವಲ್ಪ ತಡೆದು, "ಆದ್ರೂ ರವಿವಾರ ಬಂತಂದ್ರ ಕೈ ತುರಸ್ತಾವ," ಎಂದು ಗಾಳಿಯಲ್ಲೇ ಸ್ಟಿಯರಿಂಗ್ ತಿರುಗಿಸಿ ತೋರಿಸಿದ.

ಆಮೇಲೆ ಕೊರೋನಾ ಬಂತು, ಲಾಕ್‌ಡೌನ್ ಆಯಿತು. ಮಗ್ಗ, ಕಲ್ಲು, ಬಟ್ಟೆ ಅಂಗಡಿ, ಹೋಟೆಲ್ಲು, ಬಸ್ಸು, ಎಲ್ಲ ಬಂದ್. ಬೆಳಿಗ್ಗೆ ನಮ್ಮ ರಸ್ತೆಯಲ್ಲಿ ಕೆಲಸಕ್ಕೆಂದು ಹಾದುಹೋಗುತ್ತಿದ್ದವರು ಇಬ್ಬರೇ: ಔಷಧಿ ಅಂಗಡಿಗೆ ನಾನು, ಕರೆಂಟಿನ ಕೆಲಸಕ್ಕೆ ರಫೀಕ. ಚಾಚಾ ಕಾರ್ಖಾನೆಯ ಗೇಟಿನ ಹತ್ತಿರ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದರು. ಊರೆಲ್ಲ ಹೆದರಿ ಬಾಗಿಲು ಹಾಕಿಕೊಂಡಿದ್ದ ಆ ದಿನಗಳಲ್ಲಿ ಅವರ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಇತ್ತು. ಅದನ್ನು ಬಡಾಯಿ ಎನ್ನಲಾರೆ. ಮಕ್ಕಳನ್ನು ಮಳೆ ಬರುವ ಮೊದಲೇ ಮನೆ ಸೇರಿಸಿದವರ ನೆಮ್ಮದಿ ಅದು.

ಲಾಕ್‌ಡೌನ್ ಸಡಿಲಾದ ಮೇಲಿನ ಒಂದು ಮಧ್ಯಾಹ್ನ. ಹಿಂದಿನ ದಿನದ ಗಾಳಿಮಳೆಗೆ ಹಳ್ಳಿಯೊಂದರ ಹತ್ತಿರ ತಂತಿ ಹರಿದಿತ್ತು. ರಫೀಕ ನಿಯಮದ ಪ್ರಕಾರ ಲೈನ್ ಬಂದ್ ಮಾಡಿಸಿಯೇ ಕಂಬ ಹತ್ತಿದ್ದ. ಆ ಹಳ್ಳಿಯಲ್ಲಿ ಒಬ್ಬ ಹಿಟ್ಟಿನ ಗಿರಣಿಯವನು, ಕರೆಂಟ್ ಇಲ್ಲವೆಂದು ಜನರೇಟರ್ ಹಚ್ಚಿದ. ಹಚ್ಚುವಾಗ ಹೊರಗಿನ ತಂತಿಯ ಸಂಪರ್ಕ ತಪ್ಪಿಸಲಿಲ್ಲ. ಅವನ ಜನರೇಟರಿನ ಕರೆಂಟು ಹಿಂದಕ್ಕೆ ಹರಿದು, ಬಂದ್ ಆಗಿದ್ದ ತಂತಿಯೊಳಗೆ ಬಂತು. ರಫೀಕನ ಕೈ ಆ ತಂತಿಯ ಮೇಲಿತ್ತು.

ಬಾಗಲಕೋಟೆಯ ಆಸ್ಪತ್ರೆಯಿಂದ ಹೆಣ ತಂದಾಗ ನಾನು ಅವರ ಮನೆಯಲ್ಲಿದ್ದೆ. ಚಾಚಾ ಅಳಲಿಲ್ಲ. ಬಂದ ಪ್ರತಿಯೊಬ್ಬರ ಮುಂದೆಯೂ ಹೋಗಿ ನಿಂತು ಒಂದೇ ಮಾತು ಕೇಳುತ್ತಿದ್ದರು, "ಲೈನ್ ಬಂದ್ ಇತ್ತಲ್ರಿ?" ಆಫೀಸಿನವರಿಗೆ ಕೇಳಿದರು, ಪೊಲೀಸರಿಗೆ ಕೇಳಿದರು, ಮಸೀದಿಯ ಹಿರಿಯರಿಗೆ ಕೇಳಿದರು. ನನ್ನ ಹತ್ತಿರವೂ ಬಂದರು. "ಗಿರಿಜವ್ವಾ, ಲೈನ್ ಬಂದ್ ಇತ್ತಂತ." ನಾನು ಹೂಂ ಎಂದೆ. "ಬಂದ್ ಇದ್ರ ಹೆಂಗ ಆಗ್ತೈತಿ ಹೇಳು?" ಎಂದರು. ಹೇಗೆ ಆಯಿತೆಂದು ಯಾರು ಎಷ್ಟು ಬಿಡಿಸಿ ಹೇಳಿದರೂ ಆ ದಿನ ಅವರ ಕಿವಿಗೆ ಬೀಳಲಿಲ್ಲ.

ಕೆಲವು ದಿನಗಳ ಮೇಲೆ ಆ ಗಿರಣಿಯವನು ಬಂದ. ಪೊಲೀಸರು ಕೇಸು ಹಾಕಿದ್ದರು. ಅವನು ಅದಕ್ಕಾಗಿ ಬಂದಿರಲಿಲ್ಲ. ಹೊಸ್ತಿಲ ಹೊರಗೆ ಕುಸಿದು ಕುಳಿತು, "ನನ್ನ ಬಡೀರಿ ಸಾಹೇಬ್ರ, ಕೊಂದು ಹಾಕ್ರಿ," ಎಂದು ಹಣೆ ಚಚ್ಚಿಕೊಂಡ. ಓಣಿಯ ಹುಡುಗರು ಎದ್ದು ನಿಂತರು. ಚಾಚಾ ಅವರನ್ನು ತಡೆದರು. ಒಳಗೆ ಹೋಗಿ ನೀರು ತಂದು ಅವನಿಗೆ ಕುಡಿಸಿ, "ಮನಿಗೆ ಹೋಗಪಾ," ಎಂದು ಕಳಿಸಿದರು. ಅವನು ಹೋದ ಮೇಲೆ ನಮ್ಮ ಕಡೆ ತಿರುಗಿ ಅಂದರು, "ಅವನೂ ಕೆಲಸ ನಿಲ್ಲಬಾರದಂತನ ಮಾಡ್ಯಾನ." ಅಷ್ಟು ಹೇಳಿ ಗೋಡೆಗೆ ಮುಖ ಮಾಡಿ ಕುಳಿತರು. ಆಗ ಅತ್ತರು.

ಗಂಡ ಸತ್ತ ಹೆಣ್ಣು ಮನೆಯೊಳಗೇ ಇರಬೇಕಾದ ದಿನಗಳು ಮುಗಿದ ಮೇಲೆ ಶಬಾನಾಳ ನೌಕರಿಯ ಮಾತು ಬಂತು. ಕೆಲಸದ ಮೇಲಿದ್ದಾಗ ಸತ್ತವನ ಹೆಂಡತಿಗೆ ಅನುಕಂಪದ ಮೇಲೆ ಅದೇ ಇಲಾಖೆಯಲ್ಲಿ ಕೆಲಸ ಕೊಡುತ್ತಾರೆ. ಅವಳು ಪಿಯುಸಿ ಓದಿದವಳು. ಆದರೆ, "ಆ ಆಫೀಸಿನ ಹೊಸ್ತಲಾ ನಾ ತುಳ್ಯಾಂಗಿಲ್ಲ," ಎಂದು ಕುಳಿತುಬಿಟ್ಟಳು. ಅವಳ ತವರಿನವರು ಬಂದರು, ಚಾಚಿಯ ಅಣ್ಣಂದಿರು ಬಂದರು. ಇಂಥ ಕಾಲದಲ್ಲಿ ಪರ್ಮನೆಂಟ್ ನೌಕರಿಯನ್ನು ಯಾರು ಒದೆಯುತ್ತಾರೆ ಎಂದು ಎಲ್ಲರ ವಾದ. ಎಲ್ಲರೂ ಚಾಚಾರ ಮುಖ ನೋಡಿದರು. ಇಂಥ ಮಾತಿನಲ್ಲಿ ಅವರದೇ ಕಡೆಯ ತೀರ್ಮಾನವೆಂದು ಎಲ್ಲರಿಗೂ ರೂಢಿ.

ಚಾಚಾ ಎದ್ದು ಹೋಗಿ ಬಂದವರಿಗೆ ನೀರು ತಂದಿಟ್ಟರು.

ಕೊನೆಗೆ ಶಬಾನಾಳೇ ಕೇಳಿದಳು. ಅವಳು ಭಾವನ ಎದುರು ದನಿ ಎತ್ತಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವತ್ತೇ.

"ನೀವ ಹೇಳ್ರಿ ಭಾಯಿ. ನಾ ಏನು ಮಾಡ್ಲಿ?"

"ನನ್ನ ಕೇಳಬ್ಯಾಡವ್ವಾ."

"ಅವತ್ತ ಅವರಿಗೆ ಹೇಳಿದ್ರಿ. ಬ್ಯಾಡಂದ್ರೂ ಬಿಡದ ಹೇಳಿದ್ರಿ. ಇವತ್ತ ನನಗ ಯಾಕ ಹೇಳವಲ್ರಿ?"

ಮನೆ ತುಂಬ ಮಂದಿ ಇದ್ದರು. ಚಾಚಾ ಎರಡೂ ಕೈ ಜೋಡಿಸಿ ಅವಳ ಮುಂದೆ ಹಿಡಿದರು. ತೆವಳುತ್ತ ಬಂದ ಕೂಸು ಅವರ ಲುಂಗಿ ಹಿಡಿದು ನಿಲ್ಲಲು ನೋಡುತ್ತಿತ್ತು. ಶಬಾನಾ ಬಗ್ಗಿ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಆ ರಾತ್ರಿ ಯಾರೂ ಊಟ ಮಾಡಲಿಲ್ಲವೆಂದು ಚಾಚಿ ಆಮೇಲೆ ಹೇಳಿದರು.

ತಿಂಗಳು ಕಳೆದ ಮೇಲೆ ಅವಳೇ ಹೊರಟು ನಿಂತಳು. "ಕೂಸಿಗೆ ಅಂತ ಹೊಂಟೇನಿ. ಮತ್ತ ಯಾರ ಮಾತಿಗೂ ಅಲ್ಲ," ಎಂದು ನನಗೆ ಹೇಳಿದಳು. ಹುನಗುಂದದ ಆಫೀಸಿನಲ್ಲಿ ಅವಳಿಗೆ ಕುಳಿತು ಮಾಡುವ ಕೆಲಸ ಕೊಟ್ಟರು. ಮೊದಲ ದಿನ ಚಾಚಾ ಅವಳ ಜೊತೆ ಬಸ್ಸಿನಲ್ಲಿ ಹೋದರು. ಆಫೀಸಿನ ಗೇಟಿನ ತನಕ ನಡೆದರು, ಒಳಗೆ ಕಾಲಿಡಲಾಗಲಿಲ್ಲ. ಎದುರಿಗಿದ್ದ ಚಹಾದಂಗಡಿಯ ಬೆಂಚಿನ ಮೇಲೆ ಸಂಜೆಯ ತನಕ ಕುಳಿತಿದ್ದು, ಅವಳ ಜೊತೆಗೇ ಮರಳಿದರು. ಮರುದಿನವೂ ಹೋದರು, ಅದರ ಮರುದಿನವೂ. ಮುಚ್ಚಿದ ಕಾರ್ಖಾನೆಯ ಕಾವಲನ್ನು ಬಿಟ್ಟೇಬಿಟ್ಟರು. ಬಹಳ ದಿನ ಹೀಗೇ ನಡೆದ ಮೇಲೆ ಶಬಾನಾ ಅವರ ಪಕ್ಕ ಬೆಂಚಿನ ಮೇಲೆ ಕುಳಿತು, "ಭಾಯಿ, ಇನ್ನ ನಾ ಒಬ್ಬಾಕಿನ ಬರ್ತೇನಿ. ನೀವು ಮನಿಯಾಗ ಕೂಸಿನ ನೋಡಿಕೋರಿ," ಎಂದಳಂತೆ. ಅವಳ ಕೋಪ ಅವತ್ತಿಗೆ ಮುಗಿದಿತ್ತು. ತಮ್ಮ ಮೇಲೆ ತಮಗಿದ್ದ ಕೋಪವನ್ನು ಚಾಚಾ ಮುಗಿಸಿಕೊಂಡರೆಂದು ನನಗೆ ಅನ್ನಿಸುವುದಿಲ್ಲ.

ಆಮೇಲೆ ಅವರ ಬಾಯಿಂದ ಕೆಲಸದ ಮಾತು ಯಾರೂ ಕೇಳಲಿಲ್ಲ. ಹಳೆಯ ಪರಿಚಯದವರು ಮಕ್ಕಳನ್ನು ಕರೆದುಕೊಂಡು ಬರುವುದು ನಿಂತಿರಲಿಲ್ಲ. "ಚಾಚಾ, ಇವಗ ಯಾವ ಲೈನ್ ಹಿಡಸೂದು ಹೇಳ್ರಿ" ಎನ್ನುತ್ತಿದ್ದರು. ಲೈನ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವರ ಮುಖ ಹೇಗೆ ಆಗುತ್ತಿತ್ತೆಂದು ಬಂದವರು ಗಮನಿಸುತ್ತಿರಲಿಲ್ಲ. "ಅವಗ ಏನು ಸೇರತೈತಿ ಅವನ್ನ ಕೇಳ್ರಿ," ಎಂದು ಎದ್ದು ಹೋಗುತ್ತಿದ್ದರು. ಮಾತಿನ ಮನುಷ್ಯ ಮೌನವಾದರೆ ಮನೆಯ ಗೋಡೆ ಒಂದು ಬಿದ್ದ ಹಾಗೆ. ಎಲ್ಲಿ ಒರಗಬೇಕೆಂದು ನಮಗೇ ತಿಳಿಯುತ್ತಿರಲಿಲ್ಲ.

ಒಮ್ಮೆ ಧೈರ್ಯ ಮಾಡಿ ನಾನು ಹೇಳಿದೆ. ಮೊಮ್ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಅಂಗಡಿಗೆ ಬಂದಿದ್ದರು. ತಮ್ಮನ ಮಗಳನ್ನು ಅವರು ಮೊಮ್ಮಗಳೆಂದೇ ಕರೆಯುತ್ತಿದ್ದರು.

"ಚಾಚಾ, ನೀವು ಅವತ್ತ ಈ ಅಂಗಡಿಗೆ ಹಚ್ಚದಿದ್ರ ನಮ್ಮನಿ ಒಲಿ ಉರೀತಿರಲಿಲ್ಲ. ನನ್ನ ಮಗಳು ಓದತಿರಲಿಲ್ಲ. ನೀವು ಹೇಳಿದ್ದು ಖರೆನ ಇತ್ರಿ."

ಅವರು ಕೂಸಿನ ಕಾಲನ್ನು ಹೆಗಲ ಮೇಲೆ ಸರಿಮಾಡಿಕೊಂಡರು.

"ನಿನಗ ಹೇಳಿದ್ದು ಖರೆ ಆತವ್ವಾ. ಅವಗ ಹೇಳಿದ್ದೂ ಖರೆನ ಆತು. ನೌಕರಿ ಹೋಗಲಿಲ್ಲಲ್ಲ. ಇನ್ನೂ ನಮ್ಮ ಮನಿಯಾಗ ಐತಿ."

ನಾನು ಕೂಸಿಗೆ ಒಂದು ಚಾಕೊಲೇಟ್ ಕೊಟ್ಟೆ. ಅದು ಅವರ ಬೆಳ್ಳನೆಯ ಹುಬ್ಬು ಜಗ್ಗುತ್ತ ನಗುತ್ತಿತ್ತು.

ನಾನು ಅವರನ್ನು ಕಡೆಯ ಸಲ ನೋಡಿದ್ದು ಮಗಳ ಬಾಣಂತನಕ್ಕೆ ಹೊರಡುವ ಮೊದಲಿನ ಸಂಜೆ. ಬಿರುಸು ಗಾಳಿ ಎದ್ದು, ನಾಲ್ಕು ಹನಿ ಬಿದ್ದು, ಇಡೀ ಬಸ್‌ಸ್ಟ್ಯಾಂಡ್ ಭಾಗಕ್ಕೆ ಕರೆಂಟು ಹೋಯಿತು. ಚಾಚಾ ಮಳೆಗೆ ಸಿಕ್ಕಿಕೊಂಡು ನಮ್ಮ ಅಂಗಡಿಯ ಕಟ್ಟೆ ಹತ್ತಿದ್ದರು. ಪಕ್ಕದ ಮೊಬೈಲ್ ಅಂಗಡಿಯವರು, ಎದುರಿನ ಬೇಕರಿಯವರು, ಬಸ್ಸಿಗೆ ಕಾದವರು ಎಲ್ಲ ಕಟ್ಟೆಯ ಮೇಲೆ ಗುಂಪಾಗಿ ನಿಂತರು. ಹೊತ್ತು ಹೋದಂತೆ ಬೈಗುಳ ಶುರುವಾಯಿತು. "ಕರೆಂಟಿನ ಮಕ್ಕಳು ಎಲ್ಲಿ ಮಲಗ್ಯಾರೋ. ಪುಕ್ಕಟೆ ಪಗಾರ ತಿಂತಾರ," ಎಂದ ಬೇಕರಿಯವನು. ಇನ್ನೊಬ್ಬ ಆಫೀಸಿಗೆ ಫೋನು ಹಚ್ಚಿ ಕೂಗಾಡತೊಡಗಿದ.

"ಬೈಬ್ಯಾಡ್ರೋ," ಎಂದರು ಚಾಚಾ. ಬೇಡಿಕೊಳ್ಳುವ ದನಿ. "ಈ ಗಾಳ್ಯಾಗ ಯಾರರೆ ಮ್ಯಾಲ ಹತ್ತಿರ್ತಾರ."

ಬೇಕರಿಯವನಿಗೆ ಅವರು ಯಾರೆಂದು ನೆನಪಾಗಿರಬೇಕು, ಸುಮ್ಮನಾದ. ಮಳೆ ನಿಂತಿತು. ಮಂದಿ ಒಬ್ಬೊಬ್ಬರಾಗಿ ಇಳಿದು ಹೋದರು. "ಮನಿಗೆ ನಡೀರಿ ಚಾಚಾ, ಚಾಚಿ ಕಾಯ್ತಿರತಾರ," ಎಂದೆ. ಅವರು ಕದಲಲಿಲ್ಲ. ಕಟ್ಟೆಯ ಕಂಬಕ್ಕೆ ಕೈ ಕೊಟ್ಟು, ಕತ್ತಲಾಗುತ್ತಿದ್ದ ರಸ್ತೆಯ ಮೇಲೆ ಹಾದುಹೋದ ತಂತಿಗಳ ಕಡೆಗೆ ತಲೆಯೆತ್ತಿ ನಿಂತೇ ಇದ್ದರು. ಕರೆಂಟು ಹೋದಾಗಲೆಲ್ಲ ಅವರು ಹೀಗೇ ಅಂಗಳಕ್ಕೆ ಬಂದು ನಿಲ್ಲುತ್ತಾರೆಂದು, ಕರೆಂಟು ಮರಳಿ ಬರುವ ತನಕ ಉಣ್ಣಲು ಕರೆದರೂ ಒಳಗೆ ಬರುವುದಿಲ್ಲವೆಂದು ಶಬಾನಾ ಹೇಳಿದ್ದು ನೆನಪಾಯಿತು. ನಾನೂ ಷಟರ್ ಎಳೆಯದೆ ಅವರ ಹತ್ತಿರ ನಿಂತೆ.

ಕರೆಂಟು ಬಂತು. ಬೀದಿಯ ಎಲ್ಲ ದೀಪ ಒಮ್ಮೆಗೇ ಹೊತ್ತಿದವು. ಬಸ್‌ಸ್ಟ್ಯಾಂಡಿನಲ್ಲಿ ಮಂದಿ ಹೋ ಎಂದು ಕೂಗಿದರು, ಬೇಕರಿಯ ರೇಡಿಯೋ ನಡುವಿನಿಂದಲೇ ಹಾಡತೊಡಗಿತು. ಚಾಚಾ ತಡೆಹಿಡಿದಿದ್ದ ಉಸಿರು ಬಿಟ್ಟರು. ಪಕ್ಕದಲ್ಲಿ ನಿಂತ ನನಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ ಅಂದರು:

"ಇಳದಾ. ಅವ ಯಾವನೋ, ಇಳದಾ."

ಆಮೇಲೆ ಪೈಜಾಮದ ತುದಿ ಎತ್ತಿ ಹಿಡಿದು, ನೀರು ನಿಂತ ರಸ್ತೆಯನ್ನು ನೋಡಿ ನೋಡಿ ದಾಟುತ್ತ ಮನೆಯ ಕಡೆ ಹೋದರು.